ಮೇಲ್ ವಾಪಸ್ ಬಂದಾಗ ಮೊದಲು ಓದಬೇಕಾದ ಸಾಲು

ಸ್ವಂತ ಮೇಲ್ ಸರ್ವರ್ ನಡೆಸುವವರಿಗೆ ಒಳಬರುವ ಪತ್ರಗಳಿಂದ ತೊಂದರೆ ಕಡಿಮೆ. ಕಾಟವೆಲ್ಲ ಹೊರಹೋಗುವ ಪತ್ರಗಳದ್ದು. ಕಳಿಸಿದ ಕ್ಷಣದಲ್ಲೇ ಪತ್ರ ತಲುಪಲಿಲ್ಲವೆಂಬ ಒಕ್ಕಣೆ ವಾಪಸ್ ಬರುತ್ತದೆ. ಬಹಳ ಜನ ಅದನ್ನು ಓದದೆ ಸೆಟ್ಟಿಂಗ್‌ಗಳಿಗೆ ಕೈ ಹಾಕಿ, ಸರಿಯಿದ್ದುದನ್ನೂ ಕೆಡಿಸಿಕೊಳ್ಳುತ್ತಾರೆ. ಕಾಯಿಲೆಯ ಹೆಸರು ಆ ಒಕ್ಕಣೆಯಲ್ಲೇ ಇರುತ್ತದೆ.

ಸರ್ವರ್‌ಗಳು ಮಾತಾಡಿಕೊಳ್ಳುವ ಎಸ್‌ಎಂಟಿಪಿ ಕ್ರಮವನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದಿಟ್ಟರು. ಅದರ ಚೌಕಟ್ಟು ಇಂದಿಗೂ ಅದೇ. ನಮ್ಮ ಸರ್ವರ್ ಆಚೆಯ ಸರ್ವರಿನ 25ನೇ ಪೋರ್ಟ್‌ಗೆ ಹೋಗಿ ತನ್ನ ಹೆಸರು ಹೇಳುತ್ತದೆ. ಆಮೇಲೆ ಕಳಿಸುವವರ ವಿಳಾಸ, ಪಡೆಯುವವರ ವಿಳಾಸ, ಕೊನೆಗೆ ಪತ್ರ. ಪ್ರತಿ ಹೆಜ್ಜೆಗೂ ಆಚೆಯಿಂದ ಮೂರಂಕಿಯ ಉತ್ತರ ಬರುತ್ತದೆ. ಅದು 2ರಿಂದ ಶುರುವಾದರೆ ಒಪ್ಪಿಗೆ. 4ರಿಂದ ಶುರುವಾದರೆ ಸ್ವಲ್ಪ ಹೊತ್ತು ಬಿಟ್ಟು ಬಾ ಎಂದರ್ಥ. ಪೋಸ್ಟ್‌ಫಿಕ್ಸ್‌ನಂಥ ತಂತ್ರಾಂಶ ತಾನಾಗಿಯೇ 5 ದಿನದವರೆಗೆ ಮತ್ತೆ ಮತ್ತೆ ಯತ್ನಿಸುತ್ತದೆ, ನೀವೇನೂ ಮಾಡಬೇಕಿಲ್ಲ. 5ರಿಂದ ಶುರುವಾದರೆ ಖಡಾಖಂಡಿತ ನಿರಾಕರಣೆ. ಉತ್ತರವೇ ಬಾರದೆ ಸಂಪರ್ಕ ಸುಮ್ಮನೆ ಕಾದು ಕಡಿದುಹೋದರೆ, ನಿಮಗೆ ಜಾಗ ಕೊಟ್ಟ ಹೋಸ್ಟಿಂಗ್ ಕಂಪನಿಯೇ 25ನೇ ಪೋರ್ಟ್ ಮುಚ್ಚಿರಬಹುದೆಂದು ಮೊದಲು ಅನುಮಾನಿಸಿ.

ಮೂರಂಕಿಯ ಪಕ್ಕದ ವಿಸ್ತೃತ ಸಂಖ್ಯೆಯನ್ನೂ ಗಮನಿಸಿ. ಉದಾಹರಣೆಗೆ 5.7.25. ನಿಮ್ಮ ಐಪಿ ವಿಳಾಸದಿಂದ ಹಿಂದಕ್ಕೆ ಹುಡುಕಿದರೆ ಸರಿಯಾದ ಹೆಸರು ಸಿಗುತ್ತಿಲ್ಲ ಎಂದು ಅದು ಹೇಳುತ್ತಿದೆ. ಹೆಸರಿನಿಂದ ಐಪಿ ಸಿಕ್ಕರಷ್ಟೇ ಸಾಲದು, ಐಪಿಯಿಂದ ಅದೇ ಹೆಸರು ಸಿಗಬೇಕು. ಇದಕ್ಕೆ ಬೇಕಾದದ್ದು ಪಿಟಿಆರ್ ದಾಖಲೆ. ಡೊಮೇನ್ ಕೊಂಡ ಕಡೆ ಅದನ್ನು ಎಷ್ಟು ಸಲ ಬರೆದರೂ ಪ್ರಯೋಜನವಿಲ್ಲ. ಐಪಿ ಯಾರದೋ ಅವರೇ, ಅಂದರೆ ಹೋಸ್ಟಿಂಗ್ ಕಂಪನಿಯವರೇ, ಅದನ್ನು ಹಾಕಬೇಕು ಅಥವಾ ಹಾಕಲು ನಿಮಗೆ ಅವಕಾಶ ಕೊಡಬೇಕು. ಅದನ್ನು ಸರಿಪಡಿಸಿದ ಮೇಲೂ ಜಿಮೇಲ್ ಒಪ್ಪದಿದ್ದರೆ ಲಾಗ್‌ನಲ್ಲಿ ಪತ್ರ ಯಾವ ಐಪಿಯಿಂದ ಹೊರಟಿದೆ ನೋಡಿ. ಐಪಿವಿ4 ವಿಳಾಸವನ್ನಷ್ಟೇ ಸಜ್ಜುಗೊಳಿಸಿ, ಪತ್ರಗಳು ಐಪಿವಿ6 ಮೂಲಕ ಹೋಗುತ್ತಿರುವುದು ತೀರಾ ಸಾಮಾನ್ಯ. ಎರಡಕ್ಕೂ ಪಿಟಿಆರ್ ಬೇಕು. ಇಲ್ಲವೇ ಮೇಲ್ ಕಳಿಸಲು ಐಪಿವಿ4 ಮಾತ್ರ ಬಳಸುವಂತೆ ಹೇಳಿಬಿಡಿ.

5.7.23 ಬಂದರೆ ಎಸ್‌ಪಿಎಫ್ ದೋಷ. ಈ ಡೊಮೇನ್ ಪರವಾಗಿ ಪತ್ರ ಕಳಿಸಲು ಯಾವ ಐಪಿಗೆ ಅಧಿಕಾರವಿದೆ ಎಂದು ಸಾರುವ ದಾಖಲೆ ಅದು. ಒಂದು ಡೊಮೇನ್‌ಗೆ ಒಂದೇ ಇರಬೇಕು. ಹಳೆಯದನ್ನು ಅಳಿಸದೆ ಹೊಸದನ್ನು ಸೇರಿಸಿದರೆ ಎರಡೂ ಕೆಟ್ಟಂತೆ. ಡಿಕಿಮ್ ಎಂಬುದು ಪತ್ರಕ್ಕೆ ಹಾಕುವ ಡಿಜಿಟಲ್ ಸಹಿ. ಇವೆರಡರಲ್ಲಿ ಒಂದೂ ಹೊಂದದಿದ್ದರೆ ಏನು ಮಾಡಬೇಕೆಂದು ಪಡೆಯುವವರಿಗೆ ತಿಳಿಸುವುದು ಡಿಮಾರ್ಕ್. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000 ದಾಟಿ ಪತ್ರ ಕಳಿಸುವವರಿಗೆ ಮೂರೂ ಕಡ್ಡಾಯ. ನಿಮ್ಮದು ದಿನಕ್ಕೆ ಹತ್ತೇ ಪತ್ರವಾದರೂ ಮೂರನ್ನೂ ಹಾಕಿಕೊಳ್ಳುವುದೇ ಒಳ್ಳೆಯದು.

ಒಕ್ಕಣೆಯಲ್ಲಿ ಸ್ಪ್ಯಾಮ್‌ಹೌಸ್ ಎಂಬ ಹೆಸರು ಕಂಡರೆ ಐಪಿ ಕಪ್ಪುಪಟ್ಟಿಯಲ್ಲಿದೆ. ಗಾಬರಿ ಬೇಡ. ಅವರ ಪಟ್ಟಿಗಳಲ್ಲಿ ಒಂದಾದ ಪಿಬಿಎಲ್, ಮನೆಯ ಬ್ರಾಡ್‌ಬ್ಯಾಂಡ್‌ನಂಥ ವಿಳಾಸಗಳನ್ನು ಯಾರ ತಪ್ಪೂ ಇಲ್ಲದೆಯೇ ಸೇರಿಸಿಕೊಳ್ಳುತ್ತದೆ. ಬೇರೆ ಪಟ್ಟಿಯಾದರೆ ನಿಮ್ಮ ಸರ್ವರ್‌ನಿಂದ ಸ್ಪ್ಯಾಮ್ ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲಷ್ಟೇ ಹೆಸರು ತೆಗೆಸಲು ಕೋರಿಕೆ ಸಲ್ಲಿಸಿ. ಮನೆಯ ಸಂಪರ್ಕದಿಂದಲೇ ಕಳಿಸುವ ಹಟ ಮಾತ್ರ ಬೇಡ. ಸ್ಥಿರ ಐಪಿಯ ಬಾಡಿಗೆ ಸರ್ವರ್ ಹಿಡಿಯಿರಿ, ಇಲ್ಲವೇ ಹೊರಹೋಗುವ ಪತ್ರಗಳನ್ನಷ್ಟೇ ಒಂದು ರಿಲೇ ಸೇವೆಗೆ ಒಪ್ಪಿಸಿ.