ಕೊಂಬಿನ ಗೊಬ್ಬರ: ಒಂದು ದಿನದ ತರಬೇತಿ ಸಾಲದು

1924ರಲ್ಲಿ ರುಡಾಲ್ಫ್ ಸ್ಟೈನರ್ ನೀಡಿದ ಉಪನ್ಯಾಸಗಳಿಂದ ರೂಪುಗೊಂಡ ಬಯೋಡೈನಾಮಿಕ್ ಕೃಷಿಯಲ್ಲಿ ಕೊಂಬಿನ ಗೊಬ್ಬರವು (ಬಿ.ಡಿ. 500) ಕಲಿಕಾರ್ಥಿಯ ಮೊದಲ ಪಾಠ. ಹಸುವಿನ ಕೊಂಬಿಗೆ ತಾಜಾ ಸಗಣಿ ತುಂಬಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹೂತು, ಫೆಬ್ರವರಿ–ಮಾರ್ಚ್‌ನಲ್ಲಿ ಹೊರತೆಗೆಯಬೇಕು. ಹೂಳುವ ದಿನ ಮಾತ್ರ ಬಂದು ಪ್ರಮಾಣಪತ್ರ ಪಡೆದವರು ಕೆಲಸದ ಅರ್ಧವನ್ನಷ್ಟೇ ಕಂಡಿರುತ್ತಾರೆ.

ನಡುವಿನ ತಿಂಗಳುಗಳಲ್ಲಿ ಗುಂಡಿಯ ಹೊಣೆಯನ್ನು ಕಲಿಕಾರ್ಥಿಗೇ ವಹಿಸುವುದು ಸೂಕ್ತ. ಗುಂಡಿಯಲ್ಲಿ ನೀರು ನಿಲ್ಲಬಾರದು, ಮಣ್ಣು ಒಣಗಲೂಬಾರದು. ಮರದ ಬೇರುಗಳಿಂದ ದೂರವಿರಬೇಕು. ತೆಗೆದಾಗ ಗೊಬ್ಬರವು ಕಪ್ಪಾಗಿ, ಕಾಡುಮಣ್ಣಿನ ವಾಸನೆ ಹೊಂದಿರಬೇಕು. ಇನ್ನೂ ಹಸಿರಾಗಿದ್ದು ಸಗಣಿಯ ವಾಸನೆಯಿದ್ದರೆ ಮತ್ತೆ ಹೂಳಬೇಕು. ಈ ವ್ಯತ್ಯಾಸವನ್ನು ಮೂಗು ಮತ್ತು ಬೆರಳುಗಳೇ ಕಲಿಯಬೇಕು; ಕರಪತ್ರ ಕಲಿಸಲಾರದು.

ಎಕರೆಗೆ 25 ಗ್ರಾಂ ಗೊಬ್ಬರವನ್ನು 13–15 ಲೀಟರ್ ಉಗುರುಬೆಚ್ಚನೆಯ ನೀರಿನಲ್ಲಿ ಒಂದು ಗಂಟೆ ಕಲಕಬೇಕು. ಒಂದು ದಿಕ್ಕಿನಲ್ಲಿ ಆಳವಾದ ಸುಳಿ ಮೂಡಿದೊಡನೆ ದಿಕ್ಕು ಬದಲಿಸಬೇಕು. ಕೈ ಸೋಲುವುದು ಸಹಜವಾದ್ದರಿಂದ ಇಬ್ಬರು ಸರದಿಯಲ್ಲಿ ಕಲಕಲಿ. ಸಂಜೆ, ತೇವವಿರುವ ಮಣ್ಣಿನ ಮೇಲೆ ದೊಡ್ಡ ಹನಿಗಳಾಗಿ ಚಿಮುಕಿಸಬೇಕು.

ವಿಸ್ತರಣಾ ಕಾರ್ಯಕರ್ತರು ಒಂದು ಮಾತನ್ನು ಮುಚ್ಚಿಡಬಾರದು: ಬೆಳೆಗೆ ಬೇಕಾದ ಸಾರಜನಕವನ್ನು 25 ಗ್ರಾಂ ಗೊಬ್ಬರ ಒದಗಿಸಲಾರದು. ಇದನ್ನೇ ನಂಬಿ ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ ಮತ್ತು ಮಣ್ಣು ಪರೀಕ್ಷೆಯನ್ನು ಕೈಬಿಟ್ಟ ರೈತನಿಗೆ ಇಳುವರಿಯಲ್ಲಿ ನಷ್ಟವಾಗುತ್ತದೆ. ಸ್ವಿಟ್ಜರ್ಲೆಂಡ್‌ನಲ್ಲಿ 1978ರಿಂದ ನಡೆದಿರುವ ದೀರ್ಘಾವಧಿ ಪ್ರಯೋಗದ ಮೊದಲ 21 ವರ್ಷಗಳಲ್ಲಿ ಸಾವಯವ ಪದ್ಧತಿಗಳ ಇಳುವರಿ ಸುಮಾರು ಶೇ. 20ರಷ್ಟು ಕಡಿಮೆಯಿತ್ತು; ಮಣ್ಣಿನ ಜೀವಿಗಳ ಚಟುವಟಿಕೆ ಮಾತ್ರ ಹೆಚ್ಚಿತ್ತು.

ಉಳಿದ ಗೊಬ್ಬರವನ್ನು ಮಣ್ಣಿನ ಮಡಕೆಯಲ್ಲಿಟ್ಟು, ಸುತ್ತಲೂ ತೆಂಗಿನ ನಾರಿನ ಪುಡಿ ತುಂಬಿ, ನೆರಳಿನಲ್ಲಿರಿಸಬೇಕು. ವಾರಕ್ಕೊಮ್ಮೆ ಅದರ ತೇವ ಪರೀಕ್ಷಿಸುವ ಕೆಲಸವೂ ಕಲಿಕಾರ್ಥಿಯದೇ ಆಗಿರಲಿ.