ಯಡಿಯೂರು ಕೆರೆಯ ದಡದಲ್ಲಿ ವಿಹಾರ

ಯಡಿಯೂರೆಂದ ಮಾತ್ರಕ್ಕೆ ಶ್ರೋತೃಗಳಲ್ಲಿ ಅನೇಕರಿಗೆ ಕುಣಿಗಲ್ ತಾಲ್ಲೂಕಿನ ಸಿದ್ಧಲಿಂಗೇಶ್ವರರ ಕ್ಷೇತ್ರವು ನೆನಪಿಗೆ ಬರುವುದು ಸಹಜ. ಇಂದು ನಾವು ಹೇಳಹೊರಟಿರುವುದು ಆ ಯಡಿಯೂರನ್ನು ಕುರಿತಲ್ಲ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಜಯನಗರವೂ ಬನಶಂಕರಿಯೂ ಒಂದನ್ನೊಂದು ಸೇರುವೆಡೆಯಲ್ಲಿ, ಕನಕಪುರದ ರಸ್ತೆಗೆ ಸಮೀಪವಾಗಿರುವ ಯಡಿಯೂರನ್ನು ಕುರಿತು. ಒಂದು ಕಾಲಕ್ಕೆ ಇದು ಹಳ್ಳಿಯಾಗಿದ್ದಿತು. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದ ಮೇಲೆ ಸುತ್ತಣ ಹೊಲ ತೋಟಗಳು ಒಂದೊಂದಾಗಿ ನಿವೇಶನಗಳಾದುವು. ಹಳ್ಳಿಯು ನಗರದೊಳಗೆ ಕರಗಿತು. ಊರ ಹೆಸರೂ ಊರ ಕೆರೆಯೂ ಉಳಿದುವು. ಆ ಕೆರೆಯ ಸುತ್ತ ಇಂದು ಉದ್ಯಾನವಿದೆ, ಮರಗಳ ನೆರಳಿದೆ, ಅಡ್ಡಾಡಲು ದಾರಿಯಿದೆ. 2017ರಿಂದ ಈ ಕಡೆಗೆ ಮೆಟ್ರೋ ರೈಲು ಓಡುತ್ತಿರುವುದರಿಂದ ನಗರದ ಬೇರೆ ತುದಿಯವರಿಗೂ ಅದು ದೂರವೆನಿಸದು.

ಕೆರೆಯ ದಂಡೆಗೆ ಹೋಗಿ ಗಾಳಿ ಸೇವಿಸಿ ಬರುವುದಕ್ಕೆ ಉಪನ್ಯಾಸವೇಕೆ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ ಸರಿ. ಆದರೆ ನೋಡತಕ್ಕ ವಸ್ತುವನ್ನು ಅರಿತು ನೋಡಿದರೆ ಸುಖವು ಇಮ್ಮಡಿಯಾಗುವುದು. ಅಷ್ಟೇ ಅಲ್ಲದೆ, ಈ ಕೆರೆಯು ಉಳಿಯುವುದೂ ಅಳಿಯುವುದೂ ಅದನ್ನು ನೋಡಲು ಬರುವವರ ಅರಿವನ್ನೇ ಬಹುಮಟ್ಟಿಗೆ ಅವಲಂಬಿಸಿದೆ ಎಂಬುದನ್ನು ಮುಂದೆ ತೋರಿಸುವೆವು.

ಮೊದಲು ತಿಳಿಯಬೇಕಾದ ಸಂಗತಿ ಇದು: ಕೆರೆಯು ನಿಸರ್ಗದ ಸರೋವರವಲ್ಲ, ಮನುಷ್ಯನು ಕೈಯಾರೆ ಕಟ್ಟಿದ ವಸ್ತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ದಿಣ್ಣೆಗಳ ಮೇಲೆ ನಿಂತಿದೆ. ವರ್ಷವೆಲ್ಲ ಹರಿಯುವ ದೊಡ್ಡ ನದಿಯೊಂದೂ ಇಲ್ಲಿಲ್ಲ. ಬಿದ್ದ ಮಳೆಯು ನಾಲ್ಕು ದಿಕ್ಕಿಗೂ ಓಡಿಹೋಗುವ ಈ ನೆಲದಲ್ಲಿ ಬಾಳಬೇಕಾದರೆ ನೀರನ್ನು ತಡೆದು ನಿಲ್ಲಿಸದೆ ಗತಿಯಿರಲಿಲ್ಲ. ಆದುದರಿಂದ ನಮ್ಮ ಹಿರಿಯರು ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿಯನ್ನು ಹಾಕಿದರು. ನೀರನ್ನು ಬೇಕಾದಷ್ಟೇ ಬಿಡಲು ತೂಬನ್ನಿಟ್ಟರು. ಹೆಚ್ಚಿನ ನೀರು ಏರಿಯನ್ನು ಒಡೆಯದೆ ಹೊರಹೋಗಲು ಕೋಡಿಯನ್ನು ಕಟ್ಟಿದರು. ಮೇಲಿನ ಕೆರೆಯ ಕೋಡಿಯ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ತುಂಬುವುದು, ಅಲ್ಲಿಂದ ಇನ್ನೊಂದನ್ನು. ಹೀಗೆ ಒಂದಕ್ಕೊಂದು ಹೆಣೆದ ಕೆರೆಗಳ ಸಾಲಿನಲ್ಲಿ ಪ್ರತಿಯೊಂದೂ ಒಂದು ಕೊಂಡಿ.

ಆ ಕಾಲದಲ್ಲಿ ಕೆರೆಯನ್ನು ಕಾಯುವವರು ಯಾರು? ಏರಿಯ ಕೆಳಗಿನ ಅಚ್ಚುಕಟ್ಟಿನ ರೈತರು. ಗದ್ದೆಗೆ ನೀರು ಬರಬೇಕಾದರೆ ಹೂಳೆತ್ತಬೇಕು, ಏರಿಯ ಬಿರುಕನ್ನು ಮುಚ್ಚಬೇಕು. ತೂಬನ್ನು ನೋಡಿಕೊಳ್ಳಲು, ಸರದಿ ತಪ್ಪದಂತೆ ನೀರು ಹಂಚಲು ನೀರುಗಂಟಿಯೆಂಬವನಿದ್ದನು. ಕೆರೆಯ ಕ್ಷೇಮದಲ್ಲಿ ಊರಿನ ಅನ್ನವಿದ್ದುದರಿಂದ ಅದನ್ನು ಯಾರೂ ಮರೆಯುವಂತಿರಲಿಲ್ಲ.

ಕಾಲವು ತಿರುಗಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ಬಂದಿತು, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ಕಾವೇರಿಯ ನೀರಾದರೋ ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಸಾವಿರಕ್ಕೂ ಮಿಕ್ಕಿದ ಅಡಿಗಳನ್ನು ಯಂತ್ರಬಲದಿಂದ ಏರಿ ನಮ್ಮ ಮನೆಗಳಿಗೆ ಬರುತ್ತದೆ. ಕುಡಿಯಲು ಕೆರೆ ಬೇಡವಾಯಿತು. ಗದ್ದೆಗಳು ಮನೆಗಳಾದ ಮೇಲೆ ಬೇಸಾಯಕ್ಕೂ ಬೇಡವಾಯಿತು. ಬೇಡವಾದ ಕೆರೆಯು ಅನಾಥವಾಯಿತು. ಅನಾಥವಾದುದು ಬರಿಯ ನಿವೇಶನದಂತೆ ಕಂಡಿತು. ಧರ್ಮಾಂಬುಧಿ ಕೆರೆಯಿದ್ದ ಎಡೆಯಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕರಗದ ವಿಧಿಗಳಿಗೆಂದು ಒಂದು ಚಿಕ್ಕ ಕೊಳ ಮಾತ್ರ ಉಳಿದಿದೆ. 1985ರಲ್ಲಿ ಸರಕಾರವು ಲಕ್ಷ್ಮಣರಾವ್ ಸಮಿತಿಯನ್ನು ನೇಮಿಸಿತು. ಉಳಿದ ಕೆರೆಗಳನ್ನು ಒಡೆಯಬಾರದು, ಅವುಗಳಿಗೆ ಕೊಳಚೆಯನ್ನು ಬಿಡಬಾರದು ಎಂದು ಆ ಸಮಿತಿಯು ಹೇಳುವ ಹೊತ್ತಿಗೆ ಎಷ್ಟೋ ಕೆರೆಗಳು ಹೆಸರಿನಲ್ಲಿ ಮಾತ್ರ ಉಳಿದಿದ್ದುವು.

ಹಾಗಾದರೆ ಯಡಿಯೂರಿನ ಕೆರೆಗೆ ಇಂದು ಅಚ್ಚುಕಟ್ಟು ಯಾವುದು? ನಮ್ಮ ಅಭಿಪ್ರಾಯದಲ್ಲಿ, ಬೆಳಗ್ಗೆ ಸಂಜೆ ಅದರ ಸುತ್ತ ನಡೆಯಬರುವ ಜನರೇ ಅದರ ಅಚ್ಚುಕಟ್ಟು. ನಿತ್ಯವೂ ನೂರಾರು ಕಾಲುಗಳು ತುಳಿಯುವ ದಡವನ್ನು ಕದ್ದು ಒತ್ತುವುದು ಸುಲಭವಲ್ಲ. ಆದುದರಿಂದ ಅಲ್ಲಿಗೆ ಹೋಗುವುದು ಬರಿಯ ಕಾಲಕ್ಷೇಪವಲ್ಲ. ತಿಳಿದೋ ತಿಳಿಯದೆಯೋ ಸಲ್ಲಿಸುವ ಒಂದು ಸೇವೆ.

ಆದರೆ ಇದರಲ್ಲಿ ಒಂದು ಅಪಾಯವೂ ಉಂಟು. ರೈತನು ನೀರನ್ನು ನೋಡುತ್ತಿದ್ದನು; ವಿಹಾರಿಯು ದಡವನ್ನು ಮಾತ್ರ ನೋಡಿ ತೃಪ್ತನಾಗಬಲ್ಲನು. ಹೂವಿನ ಮಡಿಗಳೂ ದೀಪಗಳೂ ಚೆನ್ನಾಗಿದ್ದು ನೀರು ರೋಗಗ್ರಸ್ತವಾಗಿರುವುದು ಅಸಂಭವವೇನಲ್ಲ. ಕೊಳಚೆಯು ಸೇರಿದ ಕೆರೆಯಲ್ಲಿ ಸಾರವು ಮಿತಿಮೀರಿ ಪಾಚಿಯೂ ಅಂತರಗಂಗೆಯೂ ಹಬ್ಬುವುವು. ಹಗಲು ಬಿಸಿಲಿನಲ್ಲಿ ಪಾಚಿಯು ನೀರಿಗೆ ಆಮ್ಲಜನಕವನ್ನು ಕೊಡುವುದು. ರಾತ್ರಿ ತಾನೇ ಅದನ್ನು ಉಸಿರಾಡಿ ತೆಗೆದುಕೊಳ್ಳುವುದು. ಕೊಳೆಯುವ ಕಶ್ಮಲವೂ ಅದನ್ನೇ ಹೀರುವುದು. ಆದಕಾರಣ ಸೂರ್ಯೋದಯಕ್ಕೆ ಮುಂಚೆ ನೀರಿನಲ್ಲಿ ಪ್ರಾಣವಾಯುವು ಅತ್ಯಂತ ಕಡಿಮೆ. ಆಗ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಆಟವಲ್ಲ, ಸಂಕಟ. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದುದನ್ನು ಬೆಂಗಳೂರಿನವರು ಮರೆತಿರಲಾರರು.

ಇನ್ನು ಗಣೇಶನ ವಿಸರ್ಜನೆಯ ವಿಷಯ. ಚೌತಿಯ ನಂತರ ಯಡಿಯೂರಿಗೆ ಬರುವ ಮೂರ್ತಿಗಳು ಅಸಂಖ್ಯಾತ. ಅದಕ್ಕೆಂದೇ ಇಲ್ಲಿ ಪ್ರತ್ಯೇಕವಾದ ಕಲ್ಯಾಣಿಯನ್ನು ಕಟ್ಟಿದ್ದಾರೆ. ಜೇಡಿಮಣ್ಣಿನ ಗಣಪತಿಯು ನೀರಿನಲ್ಲಿ ಕರಗಿ ಮಣ್ಣಿಗೆ ಸೇರುವನು. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನದು ಬಹುಕಾಲ ಕರಗದೆ ಬಣ್ಣವನ್ನು ಬಿಡುತ್ತ ಕುಳಿತಿರುವುದು. ಭಕ್ತಿಗೂ ಕೆರೆಗೂ ವಿರೋಧವಿಲ್ಲ. ಕಲ್ಯಾಣಿಯನ್ನು ಬಿಟ್ಟು ಕೆರೆಗೇ ಕೈ ಚಾಚುವ ಅವಸರಕ್ಕೆ ಮಾತ್ರ ವಿರೋಧ.

ಒಬ್ಬರೇ ಹೋಗುವವರಿಗೆ ಪ್ರಾತಃಕಾಲವು ಉತ್ತಮ. ಮಾತಿಲ್ಲದೆ ಒಂದು ಸುತ್ತು ನಡೆದು, ಒಂದೆಡೆ ಕಾಲು ಗಂಟೆ ಕುಳಿತರೆ ನಗರದ ಕೆರೆಗಳ ಪಕ್ಷಿಗಳು ಒಂದೊಂದಾಗಿ ಕಾಣಿಸುವುವು: ಮುಳುಗಿ ಎದ್ದು ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆ, ದಡದಲ್ಲಿ ಅಲುಗದೆ ನಿಲ್ಲುವ ಬಕ, ಕೊಂಬೆಯಿಂದ ಬಾಣದಂತೆ ಎರಗುವ ಮಿಂಚುಳ್ಳಿ. ಕುಟುಂಬ ಸಮೇತರಾಗಿ ಹೋಗುವವರಿಗೆ ಇಳಿಹೊತ್ತು ಅನುಕೂಲ. ಮಕ್ಕಳಿಗೆ ಮೂರು ಪ್ರಶ್ನೆಗಳನ್ನು ಕೊಡಿರಿ: ನೀರು ಎಲ್ಲಿಂದ ಒಳಗೆ ಬರುವುದು? ಎಲ್ಲಿಂದ ಹೊರಗೆ ಹೋಗುವುದು? ಏರಿ ಯಾವ ದಿಕ್ಕಿಗಿದೆ? ಉತ್ತರವನ್ನು ನೀವು ಹೇಳದಿರಿ, ಹುಡುಕಲು ಬಿಡಿರಿ. ಮೀನಿಗೂ ಹಕ್ಕಿಗೂ ಪುರಿ, ಬ್ರೆಡ್ಡುಗಳನ್ನು ಎಸೆಯುವುದು ದಯೆಯಂತೆ ಕಂಡರೂ ಉಳಿದುದು ಕೊಳೆತು ನೀರಿನ ರೋಗವನ್ನೇ ಹೆಚ್ಚಿಸುವುದೆಂದು ಅವರಿಗೆ ತಿಳಿಯಹೇಳಿರಿ. ಮಗುವಿನ ಕೈಯನ್ನು ಮಾತ್ರ ನೀರಿನಂಚಿನಲ್ಲಿ ಬಿಡಬೇಡಿರಿ.

ದೂರದ ನದಿಯ ನೀರು ಕೊಳಾಯಿಯಲ್ಲಿ ಬರುತ್ತಿರಲು ಹತ್ತಿರದ ಕೆರೆಯು ಬರಿಯ ನೋಟಕ್ಕೆಂದು ತೋರುವುದು ಸಹಜ. 2023ರಲ್ಲಿ ಮಳೆ ಕೈಕೊಟ್ಟು 2024ರ ಬೇಸಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ ಆ ಭ್ರಮೆ ಹರಿಯಿತು. ನಮ್ಮ ಬೀದಿಯ ಮೇಲೆಯೇ ಬಿದ್ದ ಮಳೆಯನ್ನು ನಿಲ್ಲಿಸಿ ನೆಲದೊಳಕ್ಕೆ ಇಂಗಿಸಲು ಕೆರೆಯೂ ಬೇಕು, ಅದಕ್ಕೆ ಬರುವ ಕಾಲುವೆಯೂ ಬೇಕು. ನೀರುಗಂಟಿಯ ಕಾಲ ಮುಗಿಯಿತು. ಅವನ ಕಣ್ಣು ಮಾತ್ರ ಇಂದಿಗೂ ಆವಶ್ಯಕ. ನಿತ್ಯ ನಡೆಯುವವನಿಗೆ ನಿನ್ನೆಯಿಲ್ಲದ ವಾಸನೆ, ನಿನ್ನೆಯಿಲ್ಲದ ಬಣ್ಣ, ಕಾಲುವೆಯಲ್ಲಿ ಹೊಸದಾಗಿ ಬಿದ್ದ ಕಲ್ಲುಮಣ್ಣು ಮೊದಲು ಕಾಣುವುದು. ಕಂಡೊಡನೆ ನಗರಪಾಲಿಕೆಗೆ ತಿಳಿಸಿರಿ. ಮರುದಿನ ಮತ್ತೆ ಹೋಗಿ ನೋಡಿರಿ. ಸರಿಯಾಗದಿದ್ದರೆ ಮತ್ತೆ ತಿಳಿಸಿರಿ.