ಕೌಲ್ ಬಜಾರಿನ ಆಲ್ಬಮ್ಮಿನಲ್ಲಿ ಖಾಲಿ ಉಳಿದ ಮನೆ

ಕೌಲ್ ಬಜಾರಿನಲ್ಲಿ ಒಂದು ಹಳೇ ಬಟ್ಟೆ ಅಂಗಡಿ. ಸಂಜೆಯ ವ್ಯಾಪಾರದ ಹೊತ್ತು. ಮಾಲೀಕರು ಗಿರಾಕಿಗಳನ್ನು ಹುಡುಗನಿಗೆ ಒಪ್ಪಿಸಿ, ಗಲ್ಲಾದ ಕೆಳಗಿನಿಂದ ಒಂದು ಬಿಸ್ಕತ್ ಡಬ್ಬಿಯನ್ನೂ ಒಂದು ದಪ್ಪ ಆಲ್ಬಮ್ಮನ್ನೂ ತೆಗೆದು ನಮ್ಮ ಮುಂದಿಟ್ಟರು.

"ನೋಡ್ರಿ ಸಾರ್, ನಮ್ಮಪ್ಪ ಕೂಡಿಟ್ಟಿದ್ದು. ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಮೇಲೆ ಸಿಕ್ತು. ಗುಜರಿಯವನು ಎಲ್ಲಾ ಸೇರಿ ಐನೂರು ಕೊಡ್ತೀನಿ ಅಂತಾನೆ. ಮೊಬೈಲಿನಾಗೆ ಒಬ್ಬ ಎರಡು ಲಕ್ಷ ಅಂತಾನೆ. ಯಾವುದು ನಿಜ, ನೀವೇ ಹೇಳ್ರಿ" ಎಂದರು.

ಓದುಗರೇ, ನಿಜ ಎರಡೂ ಅಲ್ಲ. ಅದು ಹೇಗೆಂದು ಮುಂದೆ ಹೇಳುತ್ತೇವೆ. ಮೊದಲು ಆಲ್ಬಮ್ ನೋಡೋಣ.

ಪ್ರತಿ ಹಾಳೆಯಲ್ಲೂ ಪೆನ್ಸಿಲ್ಲಿನಿಂದ ಗೆರೆ ಹೊಡೆದ ಎರಡು ಮನೆ. ಎಡಗಡೆ ಮನೆಯಲ್ಲಿ ಭಾರತದ ಅಂಚೆಚೀಟಿ. ಬಲಗಡೆ ಕೆಲವು ತುಂಬಿವೆ, ಕೆಲವು ಖಾಲಿ. ಖಾಲಿ ಮನೆಯ ಕೆಳಗೂ ದೇಶದ ಹೆಸರು ಮಾತ್ರ ಅಚ್ಚುಕಟ್ಟಾಗಿ ಬರೆದಿದೆ. "ವಯಸ್ಸಾಯ್ತು, ಪೂರಾ ಮಾಡ್ಲಿಲ್ಲ" ಎಂದರು ಮಗ. ಅಲ್ಲ, ಆ ಹಿರಿಯರು ಕೂಡಿಡುತ್ತಿದ್ದುದೇ ಬೇರೆ. ಅವರದು ಜಂಟಿ ಚೀಟಿಗಳ ಸಂಗ್ರಹ.

ಜಂಟಿ ಎಂದರೇನು?

ಎರಡು ದೇಶಗಳೋ ಅದಕ್ಕಿಂತ ಹೆಚ್ಚೋ ಮಾತಾಡಿಕೊಂಡು, ಒಂದೇ ವಿಷಯದ ಮೇಲೆ, ಒಂದೇ ಇಲ್ಲವೇ ಹೋಲುವ ಚಿತ್ರದಲ್ಲಿ, ಸಾಧ್ಯವಾದರೆ ಒಂದೇ ದಿನ ತಮ್ಮ ತಮ್ಮ ಅಂಚೆಚೀಟಿ ಹೊರಡಿಸಿದರೆ ಅದು ಜಂಟಿ ಬಿಡುಗಡೆ. ಕೌಲು ಎಂದರೆ ಕರಾರು ಎಂಬುದು ನಮ್ಮ ವ್ಯಾಪಾರಿಗಳಿಗೆ ಗೊತ್ತು. ಇದೂ ಎರಡು ಸರ್ಕಾರಗಳ ನಡುವಿನ ಒಂದು ಕೌಲೇ.

ಬರೀ ವಿಷಯ ಒಂದೇ ಆದರೆ ಸಾಲದು. 1969ರ ಗಾಂಧಿ ಶತಮಾನೋತ್ಸವಕ್ಕೆ ಎಷ್ಟೋ ದೇಶಗಳು ಬಾಪೂ ಚೀಟಿ ತಂದವು. ಅವರವರು ತಮ್ಮ ತಮ್ಮ ಪಾಡಿಗೆ ತಂದದ್ದು. ಅದನ್ನು ಜಂಟಿ ಎನ್ನುವುದಿಲ್ಲ. ಆದರೆ 1995ರ ಅಕ್ಟೋಬರ್ 2ರಂದು ಭಾರತ ಮತ್ತು ದಕ್ಷಿಣ ಆಫ್ರಿಕಾ ಕೂಡಿ ಗಾಂಧೀಜಿಯ ಚೀಟಿ ತಂದವಲ್ಲ, ಅದು ಅಪ್ಪಟ ಜಂಟಿ. 1893ರಲ್ಲಿ ವಕೀಲರಾಗಿ ಅಲ್ಲಿಗೆ ಹೋದ ಗಾಂಧಿ ಇಬ್ಬರಿಗೂ ಸೇರಿದವರು ತಾನೆ!

ಹೊರಗಿನ ಉದಾಹರಣೆ ಬೇಕೆ? 1959ರ ಜೂನ್ 26ರಂದು ಸೇಂಟ್ ಲಾರೆನ್ಸ್ ಜಲಮಾರ್ಗಕ್ಕಾಗಿ ಅಮೆರಿಕ ಮತ್ತು ಕೆನಡಾ ಒಂದೇ ಚಿತ್ರದ ಚೀಟಿ ತಂದವು. 1975ರ ಜುಲೈನಲ್ಲಿ ಅಪೋಲೋ ಮತ್ತು ಸೋಯುಜ್ ನೌಕೆಗಳು ಆಕಾಶದಲ್ಲಿ ಕೈಕುಲುಕಿದಾಗ, ನೆಲದ ಮೇಲೆ ಮುಖ ತಿರುಗಿಸಿಕೊಂಡಿದ್ದ ಅಮೆರಿಕ, ರಷ್ಯಾ ಸಹ ಜಂಟಿ ಚೀಟಿ ಹಂಚಿಕೊಂಡವು. ಇರಾನ್, ಪಾಕಿಸ್ತಾನ, ತುರ್ಕಿ ಮೂರೂ ಸೇರಿ 1965ರಿಂದ ಸುಮಾರು ಒಂದೂವರೆ ದಶಕ ಇಂಥ ಚೀಟಿ ತರುತ್ತಿದ್ದವು.

ನಮ್ಮ ಜೋಡಿಗಳು

ಆಲ್ಬಮ್ಮಿನಲ್ಲಿ 2003ರ ಕೊರಿಯಾ ಜೋಡಿ ಇದೆ. ಒಂದರಲ್ಲಿ ಜೈಪುರದ ಜಂತರ್ ಮಂತರ್, ಇನ್ನೊಂದರಲ್ಲಿ ಕೊರಿಯಾದ ಚೊಮ್‌ಸೊಂಗ್ದೆ. ಎರಡೂ ನಕ್ಷತ್ರ ನೋಡಲು ಕಟ್ಟಿದ ಹಳೆಯ ಕಟ್ಟಡಗಳು. 2008ರ ಚೀನಾ ಜೋಡಿಯಲ್ಲಿ ಬೋಧಗಯೆಯ ಮಹಾಬೋಧಿ ದೇಗುಲ, ಲುವೋಯಾಂಗಿನ ಬಿಳಿ ಕುದುರೆಯ ದೇಗುಲ. 2012ರಲ್ಲಿ ಇಸ್ರೇಲಿನೊಡನೆ ದೀಪಾವಳಿಯ ದೀಪ, ಅವರ ಹನುಕ್ಕಾ ದೀಪ.

ನಮ್ಮ ರಾಜ್ಯಕ್ಕೆ ಹತ್ತಿರವಾದದ್ದು 2015ರ ಏಪ್ರಿಲ್‌ನ ಫ್ರಾನ್ಸ್ ಜೋಡಿ. ಬಾಹ್ಯಾಕಾಶ ಸಹಕಾರಕ್ಕೆ 50 ವರ್ಷವಾದ ನೆನಪಿಗೆ ಮೇಘಾ ಟ್ರೋಪಿಕ್ಸ್ ಮತ್ತು ಸರಳ್ ಉಪಗ್ರಹಗಳ ಚಿತ್ರ. ಬೆಂಗಳೂರಿನ ಇಸ್ರೋ ಫ್ರೆಂಚರೊಡನೆ ಸೇರಿ 2011 ಮತ್ತು 2013ರಲ್ಲಿ ಹಾರಿಸಿದವು ಅವು. ಈ ಹಾಳೆ ಮಾತ್ರ ಆಲ್ಬಮ್ಮಿನಲ್ಲಿಲ್ಲ. ಅಷ್ಟರಲ್ಲಿ ಹಿರಿಯರು ತೀರಿಕೊಂಡಿದ್ದರು.

ನಮ್ಮ ಕಣ್ಣು ನಿಂತದ್ದು 2004ರ ಹಾಳೆಯ ಮೇಲೆ. ಭಾರತದ ಚೀಟಿಗಳಲ್ಲಿ ನಮ್ಮ ನೇಕಾರ ಕಬೀರ, ಪಕ್ಕದಲ್ಲೇ ಶಿರಾಜಿನ ಕವಿ ಹಾಫಿಜ್. ಬಲಗಡೆ ಮನೆ ಖಾಲಿ. ಕೆಳಗೆ "ಇರಾನ್" ಎಂದಷ್ಟೇ ಬರೆದಿದೆ.

ಬರೀ ದುಡ್ಡಿಗೆ ಬಾರದ್ದು

ಜಂಟಿ ಚೀಟಿಯ ಗಮ್ಮತ್ತು ಇಲ್ಲೇ ಇದೆ. ನಮ್ಮ ಅರ್ಧ ನಮ್ಮ ಅಂಚೆಕಚೇರಿಯಲ್ಲಿ ಸಿಗುತ್ತದೆ. ಇನ್ನರ್ಧ ಆ ದೇಶದ್ದು. ಇಂದು ಡೀಲರುಗಳ ಹತ್ತಿರ ಕೊಳ್ಳಬಹುದು, ಇಲ್ಲವೆನ್ನುವುದಿಲ್ಲ. ಆದರೆ ಹಿಂದಿನವರು ಮಾಡುತ್ತಿದ್ದುದು ವಿನಿಮಯ. ಮುಖ ನೋಡದ ಯಾರಿಗೋ ಕಾಗದ ಬರೆಯುವುದು, ನಮ್ಮದು ಕಳಿಸುವುದು, ಅವರದು ಬರುವವರೆಗೆ ಕಾಯುವುದು. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಂಬಿಕೆಯ ಮೇಲೆ ಉದ್ರಿ ಕೊಟ್ಟ ಹಾಗೆ.

ಡಬ್ಬಿಯ ತಳದಲ್ಲಿ ಕೊರಿಯಾದಿಂದ ಬಂದ ಲಕೋಟೆ ಸಿಕ್ಕಿತು. ಒಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು: ನಿಮ್ಮ ಚೀಟಿ ತಲುಪಿತು, ನಮ್ಮದು ಕಳಿಸಿದ್ದೇನೆ, ಮಕ್ಕಳು ಹೇಗಿದ್ದಾರೆ. ಮಗ ಅದನ್ನು ಎರಡು ಸಲ ಓದಿದರು. "ಅಂಗಡಿ ಬಿಟ್ಟು ಗುಂತಕಲ್ ದಾಟದ ಮನುಷ್ಯ ಸಾರ್. ಕೊರಿಯಾದಾಗೆ ನಮ್ಮನ್ನ ವಿಚಾರಿಸೋರು ಇದ್ರು ಅಂತ ಗೊತ್ತೇ ಇರ್ಲಿಲ್ಲ" ಎಂದು ಸುಮ್ಮನಾದರು.

ಎರಡು ಲಕ್ಷದ ಮಾತು

ಈಗ ಬೆಲೆಯ ವಿಷಯ. ಈಚಿನ ಸ್ಮರಣಾರ್ಥ ಚೀಟಿಗಳು ಲಕ್ಷಗಟ್ಟಲೆ ಅಚ್ಚಾಗುತ್ತವೆ. ಆದ್ದರಿಂದ ಹೆಚ್ಚಿನವಕ್ಕೆ ದೊಡ್ಡ ಬೆಲೆ ಇಲ್ಲ. ಬೆಲೆ ಬರುವುದು ಅಪರೂಪಕ್ಕೆ, ತಪ್ಪಿಗೆ. 1959ರ ಆ ಕೆನಡಾ ಚೀಟಿಯಲ್ಲಿ ಕೆಲವು ಹಾಳೆಗಳ ನಡುವಿನ ಚಿತ್ರ ತಲೆಕೆಳಗಾಗಿ ಅಚ್ಚಾಯಿತು. ಅವುಗಳಿಗೆ ಇಂದು ಸಾವಿರಾರು ಡಾಲರ್. ಅಂಥದ್ದು ಎಲ್ಲರ ಅಟ್ಟದ ಮೇಲೆ ಇರುವುದಿಲ್ಲ.

ಹಾಗಾದರೆ ಮೊಬೈಲಿನವನು? "ಮೊದಲು ಟ್ಯಾಕ್ಸ್ ಅಂತ ಎಂಟು ಸಾವಿರ ಕಳಿಸ್ರಿ ಅಂದ" ಎಂದರು ನಮ್ಮ ಅಂಗಡಿಯವರು. ಅಲ್ಲಿಗೆ ಬಣ್ಣ ಬಯಲಾಯಿತು. ಹಳೇ ನೋಟು, ನಾಣ್ಯ ಕೊಳ್ಳುತ್ತೇವೆಂದು ಕಮಿಷನ್, ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿತ್ತು. ಚೀಟಿಯ ಹೆಸರಿನಲ್ಲೂ ಅದೇ ಆಟ. ಕೊಳ್ಳುವವನು ದುಡ್ಡು ಕೊಡಬೇಕೇ ಹೊರತು ಕೇಳುವುದು ಯಾವ ವ್ಯಾಪಾರ?

ನಿಮ್ಮ ಮನೆಯಲ್ಲೂ ಇದ್ದರೆ

ಅವಸರದಲ್ಲಿ ಚೀಟಿ ಕಿತ್ತುಹಾಕಬೇಡಿ. ಹಳೇ ಲಕೋಟೆಯ ಮೇಲೆ ಊರಿನ ಠಸ್ಸೆ ಸ್ಪಷ್ಟವಾಗಿದ್ದರೆ ಲಕೋಟೆಯನ್ನೇ ಇಡೀ ಉಳಿಸಿ. ಬೆವರಿನ ಕೈಯಿಂದ ಮುಟ್ಟಬೇಡಿ, ಚಿಮುಟ ಬಳಸಿ. ರಬ್ಬರ್ ಬ್ಯಾಂಡ್ ಹಾಕಲೇಬೇಡಿ. ಬಳ್ಳಾರಿ ಬಿಸಿಲಿಗೆ ಅದು ಕರಗಿ ಕಾಗದಕ್ಕೆ ಅಂಟಿ ಕಲೆ ಬಿಡುತ್ತದೆ.

ಹೊಸದಾಗಿ ಶುರು ಮಾಡುವವರಿಗೆ ಅಂಚೆ ಇಲಾಖೆಯಲ್ಲಿ ಫಿಲಾಟೆಲಿ ಠೇವಣಿ ಖಾತೆ ಉಂಟು. 200 ರೂಪಾಯಿಯಿಂದ ತೆರೆಯಬಹುದು, ಹೊಸ ಚೀಟಿ ಮನೆಗೇ ಬರುತ್ತದೆ. ಪ್ರಧಾನ ಅಂಚೆಕಚೇರಿಯಲ್ಲಿ ವಿಚಾರಿಸಿ. 6ರಿಂದ 9ನೇ ತರಗತಿಯ ಮಕ್ಕಳಿಗಾಗಿ 2017ರಲ್ಲಿ ಆರಂಭಿಸಿದ ಸ್ಪರ್ಶ್ ಯೋಜನೆಯಲ್ಲಿ ಆಯ್ಕೆಯಾದವರಿಗೆ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನವೂ ಇದೆ. ಶಾಲೆಯ ಮೇಷ್ಟ್ರುಗಳು ಇತ್ತ ಗಮನ ಕೊಡಲಿ.

ಕಾಗದದ ಮೇಲೆ ಚೀಟಿ ಹಚ್ಚುವುದೇ ಅಪರೂಪವಾಗಿದೆ. 2025ರ ಸೆಪ್ಟೆಂಬರಿನಲ್ಲಿ ರಿಜಿಸ್ಟರ್ಡ್ ಅಂಚೆಯೂ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಇಂಥ ಹೊತ್ತಿನಲ್ಲಿ ಅಟ್ಟದ ಮೇಲಿನದನ್ನು ತೂಕಕ್ಕೆ ಹಾಕಿದರೆ ಮತ್ತೆ ಸಿಗುವುದಿಲ್ಲ.

ಮೊನ್ನೆ ಮತ್ತೆ ಆ ಅಂಗಡಿಗೆ ಹೋಗಿದ್ದೆವು. ಎಂಟನೇ ತರಗತಿಯ ಮಗಳು ಗಲ್ಲಾದ ಪಕ್ಕ ಕೂತು ಕೊರಿಯಾದ ಹಳೇ ವಿಳಾಸಕ್ಕೆ ಕಾಗದ ಬರೆಯುತ್ತಿದ್ದಳು. ಅಜ್ಜ ಇಲ್ಲವೆಂಬ ಸುದ್ದಿಯನ್ನು ಯಾರಾದರೂ ತಿಳಿಸಬೇಕಲ್ಲ.

"ಗುಜರಿಯವನು ಬಂದಿದ್ದ ಸಾರ್" ಎಂದರು ಅಪ್ಪ. "ರದ್ದಿ ಒಯ್ಯಪ್ಪ, ಆಲ್ಬಮ್ ಮುಟ್ಟಬ್ಯಾಡ ಅಂದೆ."

ಇರಾನಿನ ಮನೆ ಇನ್ನೂ ಖಾಲಿಯೇ ಇದೆ. ಓದುಗರಲ್ಲಿ ಯಾರ ಬಳಿಯಾದರೂ ಆ 2004ರ ಇರಾನ್ ಚೀಟಿ ಎರಡಿದ್ದರೆ, ಕೌಲ್ ಬಜಾರಿನಲ್ಲಿ ಬದಲಿಗೆ ಕೊಡಲು ಕಬೀರನ ಚೀಟಿ ಹೆಚ್ಚಿಗೆ ಒಂದಿದೆ.